ನೀರು ಬಾಗಿದ ಮಧ್ಯಾಹ್ನ

ಕೊಬ್ಬರಿ ಎಣ್ಣೆಯ ವಾಸನೆ ಬಂದರೆ ಇವತ್ತಿಗೂ ನನಗೆ ದುಂಡಸಿಯ ನಮ್ಮ ಹಿತ್ತಲಿನ ನಳ ನೆನಪಾಗುತ್ತದೆ.

ಅಕ್ಕ ಶಿಗ್ಗಾಂವದಲ್ಲಿ ಪಿಯುಸಿ ಓದುತ್ತಿದ್ದಳು. ತಲೆ ಬಾಚಿದ ಪ್ಲಾಸ್ಟಿಕ್ ಹಣಿಗೆಯನ್ನು ಸಣ್ಣಗೆ ಬೀಳುವ ನೀರಿನ ಹತ್ತಿರ ಹಿಡಿದರೆ, ನೀರು ಅದರತ್ತ ಬಾಗುತ್ತದೆಂದು ಕಲಿತು ಬಂದಿದ್ದಳು. ನಮ್ಮ ಮನೆಯಲ್ಲಿ ಮಾತ್ರ ಅದು ಬಾಗುತ್ತಿರಲಿಲ್ಲ. ದಿನಾ ಮುಂಜಾನೆ ಅವ್ವ ನಮ್ಮಿಬ್ಬರ ತಲೆಗೂ ಎಣ್ಣೆ ಹಣೆಗೆ ಇಳಿಯುವಷ್ಟು ಹಚ್ಚುತ್ತಿದ್ದಳು.

‘ಎಣ್ಣಿ ತಲ್ಯಾಗ ಕರೆಂಟ್ ಹುಟ್ಟೂದಿಲ್ಲ ಬೇ’ ಎಂದು ಅಕ್ಕ ಸಿಡುಕುತ್ತಿದ್ದಳು.

‘ಒಣ ತಲೀಲೆ ಸಾಲಿಗೆ ಹೋದ್ರ, ತಾಯಿಲ್ಲದ ಮಕ್ಕಳೇನಂತ ಮಂದಿ ಕೇಳ್ತಾರ’ ಎನ್ನುತ್ತಿದ್ದಳು ಅವ್ವ.

ಅವ್ವ ತೀರಿಕೊಂಡಾಗ ಬಂದಿದ್ದ ನೆಂಟರೆಲ್ಲ ಹೊರಟುಹೋದ ಮಧ್ಯಾಹ್ನ, ಅಕ್ಕ ನನ್ನ ತಲೆ ಬಾಚಲು ಕೂತಳು. ಕೂದಲು ಚಿಟಿಚಿಟಿ ಎನ್ನುತ್ತ ಹಣಿಗೆಗೆ ಅಂಟಿತು. ಅವಳು ಕೈ ನಿಲ್ಲಿಸಿ ನೋಡಿದಳು. ಎದ್ದು ಹೋಗಿ ನಳವನ್ನು ಸಣ್ಣಗೆ ಬಿಟ್ಟು ಹಣಿಗೆ ಹಿಡಿದಳು. ನೀರು ಬಾಗಿತು.

‘ಯಾಕ ಹಂಗ?’ ಎಂದೆ.

‘ನೀರಾಗ ಆಕ್ಸಿಜನ್ನು ಹೈಡ್ರೋಜನ್ನು ಕೂಡೇ ಇರ್ತಾವು. ಅವ್ವನ ಕೌದಿ ಇಬ್ರೂ ಹೊಚ್ಕೊಂಡಾಗ ನೀ ನಿನ್ನ ಕಡೆ ಜಗ್ಗತೀಯಲ್ಲ, ಹಂಗ ಆಕ್ಸಿಜನ್ ಎಲೆಕ್ಟ್ರಾನ್ ಜಗ್ಗತತಿ. ಅದಕ್ಕ ನೀರಿಗೆ ಒಂದ್ ಕಡೆ ಮೈನಸ್, ಒಂದ್ ಕಡೆ ಪ್ಲಸ್. ಹಣಗಿ ಅದನ್ನ ಎಳಿತತಿ,’ ಎಂದವಳು ನನ್ನ ಒಣ ತಲೆಯತ್ತ ನೋಡಿದಳು.

ಅಕ್ಕ ನಳ ಬಂದ್ ಮಾಡಿದಳು. ಒಳಗಿನಿಂದ ಎಣ್ಣೆಯ ಬಾಟಲಿ ತಂದು, ‘ಬಾ, ಕುಂದ್ರು’ ಎಂದಳು. ಹಣೆಗೆ ಇಳಿಯುವಷ್ಟು ಹಚ್ಚಿದಳು.

ಆಮೇಲೆ ನಮ್ಮ ಮನೆಯಲ್ಲಿ ನೀರು ಎಂದೂ ಬಾಗಲಿಲ್ಲ.