ದನಿ ಹೋದ ರೀಲು

"ಏಳು, ಹೋಗಾನ," ಎಂದು ಚೆಲುವರಾಜು ಹೆಂಡತಿಯ ಕೈ ಹಿಡಿದು ಎದ್ದುನಿಂತ. "ಸಿನಿಮಾ ಅಂದ್ರೆ ಹಳೇವೇ ಕಣೆ. ಒಂದೊಂದು ಮಾತೂ ಮುತ್ತು. ಈಗಿನವು ಬರೀ ಕಿರುಚಾಟ." ನಾಗಮಂಗಲದ ಟೆಂಟಿಗೆ ಹೊಸ ಚಿತ್ರ ಬಂದಾಗಲೆಲ್ಲ ಹೀಗೇ. ಮದುವೆಯಾದಾಗಿನಿಂದ ಮಂಗಳ ಒಂದರ ಕೊನೆಯನ್ನೂ ಕಂಡಿರಲಿಲ್ಲ.

"ಇದೊಂದ್ನಾದ್ರೂ ಪೂರ್ತಿ ನೋಡಕ್ಬುಡಿ," ಎಂದು ಅವಳು ಬೇಡಿಕೊಂಡಳು. "ಲೇ, ಕುತ್ಕಳ್ಲಾ! ನಿನ್ ಬೆನ್ನು ನೋಡಕ್ಕಾ ನಾವು ಬಂದಿರಾದು?" ಎಂದು ಹಿಂದಿನ ಬೆಂಚಿನಿಂದ ಯಾರೋ ಕೂಗಿದರು.

ಅಷ್ಟರಲ್ಲಿ ಸೌಂಡು ಹೋಯಿತು. ಶಿಳ್ಳೆ, ಬೈಗುಳ ಎದ್ದವು. ಪರದೆಯ ಮೇಲೆ ನಾಯಕಿ ಸತ್ತ ಅಪ್ಪನ ಅಂಗಿಯನ್ನು ಅವನ ಕುರ್ಚಿಗೆ ತೊಡಿಸಿ, ಎಲ್ಲಿ ನೋವಾದೀತೋ ಎಂಬಂತೆ ಮೆಲ್ಲಗೆ ಗುಂಡಿ ಹಾಕುತ್ತಿದ್ದಳು. ಅವಳು ಅಳಲಿಲ್ಲ. ಕೊರಳ ಗುಂಡಿಗೆ ಬಂದಾಗ ಮಾತ್ರ ಬೆರಳು ನಿಂತಿತು. ಟೆಂಟಿಗೆ ಟೆಂಟೇ ಉಸಿರು ಬಿಗಿಹಿಡಿಯಿತು.

ಚೆಲುವರಾಜುವಿನ ಹಿಡಿತ ಸಡಿಲವಾಯಿತು. ಆ ಮುಖವನ್ನೇ ನೋಡುತ್ತ ಅವನು ಬೆಂಚಿನ ಮೇಲೆ ಕುಸಿದು ಕೂತ.

"ಹೋಗಾನ್ವಾ?" ಎಂದು ಮಂಗಳ ಬೇಕೆಂದೇ ಕೆಣಕಿದಳು.

ಅವನು ಪರದೆಯಿಂದ ಕಣ್ಣು ಕೀಳದೆ ತುಟಿಗೆ ಬೆರಳಿಟ್ಟ. "ಸುಮ್ಕಿರು. ಅವ್ಳು ಮಾತಾಡ್ತಾವ್ಳೆ."