ಆರುನೂರು ಕಿಲೋಮೀಟರ್ ಎತ್ತರದಲ್ಲಿ

ಹೆಂಡತಿ ತೀರಿಕೊಂಡು ತಿಂಗಳಾಗಿತ್ತು. ಆಕೆ ಹಿಡಿದ ಮನೆಪಾಠವನ್ನು ಅರ್ಧಕ್ಕೆ ಬಿಟ್ಟರೆ ದೇವರು ಮೆಚ್ಚನೆಂದು ಭಟ್ಟರು ತಾವೇ ಕುಳಿತರು. ಭೌತಶಾಸ್ತ್ರ ಅವರಿಗೆ ಬಾರದು. ಆಕೆಯ ಟಿಪ್ಪಣಿ ಪುಸ್ತಕವೇ ಆಧಾರ.

ಆರುನೂರು ಕಿಲೋಮೀಟರ್ ಎತ್ತರದಲ್ಲಿ ವೃತ್ತಾಕಾರವಾಗಿ ಸುತ್ತುವ ಉಪಗ್ರಹದ ವೇಗವೆಷ್ಟು? ಸೆಕೆಂಡಿಗೆ ಇಪ್ಪತ್ತೈದೂ ಮುಕ್ಕಾಲು ಕಿಲೋಮೀಟರ್ ಎಂದು ಪುಸ್ತಕದಲ್ಲಿತ್ತು. ಪಾಠಕ್ಕೆ ಬರುವ ಚಂಪಾಳಿಗೆ ಮೂರನೆಯ ಸಲವೂ ಏಳೂವರೆಯೇ ಬಂತು.

“ತಲೇಲಿ ಏನು ಜೇಡಿಮಣ್ಣು ತುಂಬಿದೆಯೇನೇ? ಇನ್ನೊಂದು ಸಲ ಮಾಡು.”

ಯಾರೆದುರೂ ಬಾಯಿಬಿಡದ ಹುಡುಗಿ ತಲೆಯೆತ್ತಿದಳು. “ತಾತ, ಪುಸ್ತಕದ್ದೇ ತಪ್ಪು. ಭೂಮಿಯ ಮಧ್ಯದಿಂದ ಅಳೀಬೇಕು. ಟೀಚರ್ ಬರೀ ಎತ್ತರ ತಗೊಂಡಿದ್ದಾರೆ, ಭೂಮಿಯ ತ್ರಿಜ್ಯ ಸೇರಿಸಿಲ್ಲ.”

“ಮೂವತ್ತು ವರ್ಷ ಪಾಠ ಹೇಳಿದವಳಿಗೆ ನೀನು ಕಲಿಸ್ತೀಯಾ? ಸತ್ತವಳ ಮೇಲೆ ತಪ್ಪು ಹೊರಿಸೋಳು ಈ ಮನೆಗೆ ಬೇಡ. ಏಳು, ನಾಳೆಯಿಂದ ಬರಬೇಡ!”

“ಬರಲ್ಲ ತಾತ. ಆದ್ರೂ ಅದು ತಪ್ಪೇ.” ಕಣ್ಣೊರೆಸಿಕೊಂಡು ಹೊರಟೇ ಹೋದಳು.

ಭಟ್ಟರು ಸಿಟ್ಟಿನಿಂದ ಪುಸ್ತಕ ಮುಚ್ಚಲು ಹೋದಾಗ ಆ ಲೆಕ್ಕದ ಹಾಳೆ ಮಗುಚಿತು. ಅದರ ಹಿಂಬದಿಯಲ್ಲಿ, ಹೆಂಡತಿಯ ದುಂಡು ಅಕ್ಷರದಲ್ಲಿ, ಎರಡೇ ಸಾಲು:

“ಬೇಕೆಂದೇ ಉತ್ತರವನ್ನು ತಪ್ಪಾಗಿ ಬರೆದಿದ್ದೇನೆ. ಚಂಪಾ ಎದುರು ಮಾತಾಡುವುದನ್ನು ಕಲಿಯಲಿ.”