ಸುಟ್ಟುಹೋಗಿದ್ದ ವಿಡಿಯೋ

ಮಲಗುವ ಕೋಣೆಯ ಗೋಡೆ ಬೀರುವಿನೊಳಗೆ, ಮನೆಯ ವಿಡಿಯೋಗಳನ್ನು ಕೂಡಿಟ್ಟ ಪೆಟ್ಟಿಗೆಯ ಹಾರ್ಡ್ ಡಿಸ್ಕ್ 'ಕಟ್' ಎಂದು ಎಚ್ಚರಗೊಂಡು ತಿರುಗತೊಡಗಿತು. ಹಾಲಿನ ಟಿವಿಯಲ್ಲಿ ಯಾರಾದರೂ ಮನೆಯ ವಿಡಿಯೋ ಹಾಕಿದರೆ ಮಾತ್ರ ಅದು ತಿರುಗುವುದು. ಸರಿರಾತ್ರಿಯಲ್ಲಿ ಯಾರಿರಬಹುದೆಂದು, ಅಣ್ಣನ ಮನೆಗೆ ಬಂದಿದ್ದ ತಂಗಿ ಎದ್ದು ಬಾಗಿಲ ಸಂದಿಯಲ್ಲಿ ನಿಂತಳು.

ಪರದೆಯ ಮೇಲೆ, ಆಸ್ಪತ್ರೆಯ ಮಂಚದಲ್ಲಿ ಅಮ್ಮ. ಅಮ್ಮ ತೀರಿಕೊಂಡಾಗ, "ಒಂದು ಡಿಸ್ಕ್ ಸುಟ್ಟು ಆಸ್ಪತ್ರೆ ವಿಡಿಯೋ ಎಲ್ಲಾ ಹೋಯ್ತು ಪುಟ್ಟಿ. ಕೊನೇಲಿ ಅವಳು ಯಾರನ್ನೂ ಕೇಳ್ಲಿಲ್ಲ, ಬಿಡು" ಎಂದಿದ್ದ ಅಣ್ಣ, ಟಿವಿಯ ದನಿ ತಗ್ಗಿಸಿ ಅದೇ ವಿಡಿಯೋ ನೋಡುತ್ತಿದ್ದ.

"ಪುಟ್ಟಿಗೆ ಹೇಳಿದ್ಯೇನೋ?" ಎಂದಳು ಅಮ್ಮ.

"ಹೇಳಿದೀನಮ್ಮ. ಅವಳಿಗೆ ಪುರುಸೊತ್ತಿಲ್ಲವಂತೆ" ಎಂದಿತು ಕ್ಯಾಮೆರಾದ ಹಿಂದಿನಿಂದ ಅಣ್ಣನ ದನಿ. ಅಮ್ಮನ ಕೊನೆಯ ಆ ವಾರವೆಲ್ಲ ತಂಗಿಗೆ ಅಣ್ಣನಿಂದ ಒಂದು ಫೋನೂ ಬಂದಿರಲಿಲ್ಲ.

"ಪಾಪ, ಏನು ಕೆಲಸವೋ" ಎಂದು ಅಮ್ಮ ಮಗ್ಗುಲು ಬದಲಿಸಿದಳು. ಅಣ್ಣ ರಿಮೋಟ್ ಒತ್ತಿ ಮತ್ತೆ ಮೊದಲಿನಿಂದ ಹಾಕಿದ. ತಂಗಿ ಸದ್ದಾಗದಂತೆ ಹಿಂದೆ ಸರಿದಳು. ಇದನ್ನು ಯಾರಿಗೂ ಹೇಳಬಾರದು. ಅವನ ಕಿವಿಗೆ ಬಿದ್ದರೆ, ಅಮ್ಮ ತನ್ನನ್ನು ಕೇಳಿದ ಈ ವಿಡಿಯೋವನ್ನು ಈ ಸಲ ನಿಜವಾಗಿಯೂ ಅಳಿಸಿಬಿಡುತ್ತಾನೆ.